ನಗೆ ತರುವ ಮಾತುಗಳ ಸಂಗ್ರಹ

ಕೇಳಿದೊಡನೆ ನಗೆ ತರುವ ಶಬ್ದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಅವನ್ನು ಹೆಕ್ಕಿ ಕೂಡಿಡುವುದು ಬರಿಯ ವಿನೋದವೆಂದು ಹಲವರ ಭಾವನೆ. ಆದರೆ ಅಂಥ ಮಾತಿನ ಬೆನ್ನುಹತ್ತಿ ಹೋದರೆ ಜನಜೀವನದ ಚರಿತ್ರೆಯೇ ಕಾಣಸಿಗುತ್ತದೆ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಹೊಸೂರು-ಕೃಷ್ಣಗಿರಿ ಸೀಮೆಯ ಉಪಾಧ್ಯಾಯರಾದ ನಮಗೆ ಈ ಕೆಲಸ ತಾನಾಗಿಯೇ ಒದಗಿಬಂದಿದೆ.

ಇಂಥ ಸಂಗ್ರಹಗಳಲ್ಲಿ ಹೆಸರಾದುದು 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶ. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಬಳಕೆಗೊಂಡ ಮಾತುಗಳನ್ನು ಹೆನ್ರಿ ಯೂಲ್, ಎ. ಸಿ. ಬರ್ನೆಲ್ ಇಬ್ಬರೂ ಸೇರಿ ಕೂಡಿಸಿದರು. ಬರ್ನೆಲ್ ಮದರಾಸು ಪ್ರಾಂತದಲ್ಲಿ ನ್ಯಾಯಾಧಿಕಾರಿಯಾಗಿದ್ದವರು. ದಕ್ಷಿಣದ ಲಿಪಿಗಳನ್ನು ಕುರಿತ ಅವರ ಗ್ರಂಥ 1874ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1882ರಲ್ಲಿಯೇ ತೀರಿಕೊಂಡುದರಿಂದ ಕೋಶ ಹೊರಬಂದುದನ್ನು ಅವರು ಕಾಣಲಿಲ್ಲ. ಕೋಶದ ಹೆಸರೇ ಒಂದು ನಗೆಯ ಮಾತು. ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಇಂಗ್ಲಿಷ್ ಸಿಪಾಯಿಗಳ ನಾಲಿಗೆಯಲ್ಲಿ ಅವರ ಊರಿನ ಎರಡು ಮನೆತನಗಳ ಹೆಸರಾಗಿಬಿಟ್ಟಿತು!

ನಮ್ಮ ಸೀಮೆಗೆ ಪರಿಚಿತವಾದ ಎಷ್ಟೋ ಮಾತುಗಳು ಆ ಕೋಶದಲ್ಲಿವೆ. ಪಾಳೆಯಗಾರ ಅಲ್ಲಿ ‘ಪಾಲಿಗರ್’ ಆಗಿದ್ದಾನೆ. ನಮ್ಮ ನಿತ್ಯದ ರಾಗಿ ‘ರ‍್ಯಾಗಿ’ ಎಂದಾಗಿದೆ. ಅದೇ ಉಚ್ಚಾರದ ಇಂಗ್ಲಿಷ್ ಮಾತಿಗೆ ಚಿಂದಿಯಾದುದು ಎಂದರ್ಥ. ತಮಿಳಿನ ‘ಮಿಳಗು ತಣ್ಣೀರ್’, ಎಂದರೆ ಮೆಣಸಿನ ನೀರು, ‘ಮಲ್ಲಿಗಟಾನಿ’ ಆಗಿ ಸಾಹೇಬರ ಮೇಜನ್ನು ಏರಿತು. ಆ ಸಾರಿನ ದೆಸೆಯಿಂದ ಮದರಾಸಿನ ಅಧಿಕಾರಿಗಳಿಗೆ ‘ಮಲ್ಸ್’ ಎಂಬ ಅಡ್ಡಹೆಸರೇ ಬಿದ್ದಿತು.

ಈ ವ್ಯಾಪಾರ ಒಮ್ಮುಖವಾದುದಲ್ಲ. 1792ರಲ್ಲಿ ಬಾರಾಮಹಲು, 1799ರಲ್ಲಿ ಹೊಸೂರಿನ ಭಾಗ ಕಂಪೆನಿಯ ಕೈಸೇರಿದ ಮೇಲೆ ಆಡಳಿತದೊಡನೆ ಇಂಗ್ಲಿಷ್ ಮಾತುಗಳೂ ಹಳ್ಳಿಗಳನ್ನು ಹೊಕ್ಕವು. ‘ಹಾಸ್ಪಿಟಲ್’ ಎಂಬುದನ್ನು ಕನ್ನಡಿಗರು ಆಸ್ಪತ್ರೆ ಎಂದರು, ತೆಲುಗರು ಆಸುಪತ್ರಿ ಎಂದರು, ತಮಿಳರು ಆಸ್ಪತ್ತಿರಿ ಎಂದರು. ‘ಲ್ಯಾಂಟರ್ನ್’ ಎಂಬುದು ಲಾಟೀನೂ ಆಯಿತು, ಲಾಂದ್ರವೂ ಆಯಿತು. ಮೊದಲು ಹೀಗೆ ನುಡಿದವನನ್ನು ಇಂಗ್ಲಿಷ್ ಬಲ್ಲವರು ನಕ್ಕಿರಬೇಕು. ಇಂದು ಆಸ್ಪತ್ರೆಯನ್ನು ತಪ್ಪೆನ್ನುವ ಪಂಡಿತರಿಲ್ಲ. ಅದು ಪಠ್ಯಪುಸ್ತಕದಲ್ಲಿಯೇ ನೆಲೆಸಿದೆ.

ಇಲ್ಲಿ ಒಂದು ಎಚ್ಚರವೂ ಬೇಕು. ಹೋಲಿಕೆಯಿದ್ದ ಮಾತ್ರಕ್ಕೆ ಮೂಲ ಒಂದೇ ಎನ್ನಲಾಗದು. ‘ರಸೀದಿ’ ಇಂಗ್ಲಿಷಿನ ‘ರಿಸೀಟ್’ನಂತೆ ಕೇಳಿಸಿದರೂ ಅದು ಪಾರಸಿಯಿಂದ ಬಂದುದು. ಪಾದ್ರಿ, ಇಸ್ತ್ರಿ, ಚಾವಿ ಇವು ಪೋರ್ಚುಗೀಸರು ಬಿಟ್ಟುಹೋದ ಮಾತುಗಳು. ಆದುದರಿಂದ ಊಹೆಯನ್ನು ಹಿಂದಿರಿಸಿ, ಕಿಟೆಲ್ಲರ 1894ರ ಕನ್ನಡ-ಇಂಗ್ಲಿಷ್ ನಿಘಂಟಿನಂಥ ಕೋಶಗಳನ್ನು ಮುಂದಿರಿಸಿಕೊಳ್ಳಬೇಕು.

ನಮ್ಮ ಮಕ್ಕಳು ಈಗ ಇಂಗ್ಲಿಷನ್ನು ಶಾಲೆಯಲ್ಲಿಯೇ ಕಲಿಯುತ್ತಾರೆ. ಅಜ್ಜ ‘ಲಾಟೀನು’ ಎಂದರೆ ಮೊಮ್ಮಗ ತಿದ್ದುತ್ತಾನೆ. ಹೀಗೆ ಹಳೆಯ ರೂಪಗಳು ಹಿರಿಯರೊಡನೆಯೇ ಅಳಿಯುತ್ತಿವೆ. ಒಮ್ಮೆ ಅಳಿದವನ್ನು ಯಾವ ಕೋಶವೂ ಮರಳಿ ತರಲಾರದು. ಆದಕಾರಣ ನಾವು ಮಾಡಬೇಕಾದುದು ಇಷ್ಟೆ: ತರಗತಿಯಲ್ಲಿಯೋ ಸಂತೆಯಲ್ಲಿಯೋ ಇಂಥ ಮಾತು ಕಿವಿಗೆ ಬಿದ್ದಾಗ, ಅದನ್ನು ಆಡಿದಂತೆಯೇ ಬರೆದುಕೊಳ್ಳುವುದು, ಊರು, ಆಡಿದವರ ವಯಸ್ಸು, ಕಸುಬು, ಮನೆಮಾತು, ಆಡಿದ ಇಡೀ ವಾಕ್ಯ ಇವಿಷ್ಟನ್ನು ಪಕ್ಕದಲ್ಲಿ ಗುರುತಿಸುವುದು, ನೆರೆಯ ತಮಿಳು, ತೆಲುಗು ಉಪಾಧ್ಯಾಯರನ್ನು ಕೇಳಿ ಅವರ ರೂಪಗಳನ್ನು ಜೊತೆಗಿಡುವುದು. ಕೆಂಪು ಶಾಯಿಯಿಂದ ಹೊಡೆದುಹಾಕುವ ಮುನ್ನ ಆ ಮಾತು ನಮ್ಮ ಟಿಪ್ಪಣಿಪುಸ್ತಕವನ್ನು ಸೇರಲಿ. ನಕ್ಕು ಮರೆಯುವುದಕ್ಕಿಂತ ನಕ್ಕು ಬರೆದಿಡುವುದು ಲೇಸು.