ಹುಲಿ ಮಲಗುವ ಹೊತ್ತಿನಲ್ಲಿ ಓಟ

ಫಜ್ರ್ ಜಮಾಅತ್ ಮುಗಿದ ಮೇಲೆ ಮಸೀದಿಯ ಮೆಟ್ಟಿಲ ಮೇಲೆ ಕುಳಿತು ಶೂ ಕಟ್ಟಿಕೊಳ್ಳುವ ಏಳೆಂಟು ಮಂದಿಯನ್ನು ಕಂಡು ಶಿವಮೊಗ್ಗದ ನಮ್ಮ ಮೊಹಲ್ಲಾದವರು ಈಗ ನಗುವುದಿಲ್ಲ. ಮೊದಮೊದಲು ನಗುತ್ತಿದ್ದರು. ಈ ಗುಂಪಿನಲ್ಲಿ ಗ್ಯಾರೇಜಿನ ಇಬ್ಬರು ಹುಡುಗರಿದ್ದಾರೆ, ಒಬ್ಬರು ಮೊಬೈಲ್ ಅಂಗಡಿಯವರು, ಒಬ್ಬರು ನಿವೃತ್ತ ವ್ಯಾಯಾಮ ಶಿಕ್ಷಕರು. ಜೊತೆಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ನಾನು. ಸಾಗರ ರಸ್ತೆ ಹಿಡಿದು ಓಡುತ್ತೇವೆ. ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ನಗರದಿಂದ ಸುಮಾರು 10 ಕಿ.ಮೀ. ದೂರ. ಹುಡುಗರು ಭಾನುವಾರ ಅಲ್ಲಿಯವರೆಗೂ ಹೋಗಿಬರುತ್ತಾರೆ. ನಾನು ಅರ್ಧ ದಾರಿಯಲ್ಲೇ ತಿರುಗುತ್ತೇನೆ.

ಮಾರ್ಚ್ ಮುಗಿಯುವಾಗ ಹುಡುಗರ ಮಾತೆಲ್ಲ ಸ್ಪರ್ಧೆಯದ್ದೇ. ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾದದ್ದು. ಬಹಳ ವರ್ಷ ಮೇ ತಿಂಗಳಲ್ಲಿ ನಡೆಯುತ್ತಿದ್ದ ಅದು ಈಚೆಗೆ ಏಪ್ರಿಲ್ ಕೊನೆಯ ವಾರಕ್ಕೆ ಬಂದಿದೆ. ಅದನ್ನು ನೋಡಿ ಸಣ್ಣ ಊರುಗಳಲ್ಲೂ ಬೇಸಿಗೆ ರಜೆಯಲ್ಲಿ ಐದು, ಹತ್ತು ಕಿಲೋಮೀಟರಿನ ಓಟಗಳು ನಡೆಯುತ್ತಿವೆ. 2022ರ ಮೇನಲ್ಲಿ ಕೆನ್ಯಾದ ನಿಕೋಲಸ್ ಕಿಮೇಲಿ ಬೆಂಗಳೂರಿನ ಆ ಹತ್ತು ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದ್ದನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಅವರ ಗಮನಕ್ಕೆ ಬಾರದ ವಿಷಯ ಒಂದಿದೆ. ಕಿಮೇಲಿ ಅರ್ಧ ಗಂಟೆಯೊಳಗೆ ಬಿಸಿಲಿನಿಂದ ಪಾರಾಗುತ್ತಾನೆ. ನಮ್ಮಂಥವರು ಒಂದೂಕಾಲು ಗಂಟೆ ಅದರಲ್ಲೇ ಇರುತ್ತೇವೆ.

ಹಿಂದಿನ ಒಂದು ಮೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ಅಣ್ಣನ ಮಗ, 22ರ ಹುಡುಗ, ಬೇರೊಂದು ಊರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದ. ಆರು ಗಂಟೆಗೆ ಶುರು ಎಂದು ಚೀಟಿಯಲ್ಲಿತ್ತು. ಅತಿಥಿಗಳು ಬಂದು, ಭಾಷಣ ಮುಗಿದು, ಬಾವುಟ ಬೀಸುವಾಗ ಏಳೂವರೆ. ಹುಡುಗರು ಅಷ್ಟು ಹೊತ್ತೂ ಮೈದಾನದಲ್ಲಿ ನಿಂತೇ ಇದ್ದರು. ಅವನಿಗೆ ಎರಡು ದಿನದ ಹಿಂದೆ ಜ್ವರ ಬಂದು ಹೋಗಿತ್ತು, ಬೆಳಿಗ್ಗೆ ಒಂದು ಜ್ವರದ ಮಾತ್ರೆ ನುಂಗಿಕೊಂಡೇ ಬಂದಿದ್ದ ಎನ್ನುವುದು ನಮಗೆ ಆಮೇಲೆ ತಿಳಿಯಿತು. ಹೇಳಿದರೆ ಚಾಚಾ ಓಡಲು ಬಿಡುವುದಿಲ್ಲ ಎಂದು ಮುಚ್ಚಿಟ್ಟಿದ್ದನಂತೆ.

ಎಂಟನೇ ಕಿಲೋಮೀಟರಿನ ಹತ್ತಿರ ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಬಂದ ಹುಡುಗ ನೆಟ್ಟಗೆ ಓಡುತ್ತಿರಲಿಲ್ಲ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ವಾಲುತ್ತಿದ್ದ. ಹೆಸರು ಹಿಡಿದು ಕೂಗಿದರೆ ನನ್ನನ್ನೇ ಬೈದ. ಹುಟ್ಟಿದಾಗಿನಿಂದ ನನ್ನೆದುರು ದನಿ ಎತ್ತದ ಹುಡುಗ ಅವನು. ನಾನು ಮೂರ್ಖ, ಸುಸ್ತಾಗಿ ಸಿಟ್ಟು ಬಂದಿದೆ ಎಂದುಕೊಂಡೆ. ಇನ್ನು ನೂರು ಹೆಜ್ಜೆ ಹೋಗಿ ಕುಸಿದುಬಿದ್ದ.

ಜನ ಸೇರಿದರು. ಒಬ್ಬರು ಟವೆಲ್ ಬೀಸಿದರು, ಒಬ್ಬರು ಬಾಯಿಗೆ ನೀರು ಬಿಡಲು ಹೊರಟರು, ಮತ್ತೊಬ್ಬರು ಕಾರು ತರುತ್ತೇನೆಂದು ಓಡಿದರು. ನಮ್ಮ ವ್ಯಾಯಾಮದ ಮೇಷ್ಟ್ರು ಮಾತ್ರ ಅವನನ್ನು ಮರದ ನೆರಳಿಗೆ ಎಳೆಸಿ, ಶರ್ಟು ಬಿಚ್ಚಿಸಿ, ಓಟಗಾರರಿಗೆಂದು ಇಟ್ಟಿದ್ದ ಇಪ್ಪತ್ತು ಲೀಟರಿನ ಕ್ಯಾನನ್ನು ಎತ್ತಿ ಮೈಮೇಲೆ ಸುರಿಯತೊಡಗಿದರು. ಗುಂಪಿನಿಂದ ಹಿರಿಯರೊಬ್ಬರು ಕೂಗಿದರು: "ಬೆವರಿದ ಮೈಗೆ ತಣ್ಣೀರು ಹಾಕಬೇಡ್ರೀ, ನರ ಹಿಡ್ಕೊಳ್ತದೆ!" ನಾನೂ ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವನು. ಮೇಷ್ಟ್ರ ಕೈ ಹಿಡಿಯಲು ಹೋದೆ. ಅವರು ನನ್ನನ್ನು ತಳ್ಳಿ, "ಆ ಕಬ್ಬಿನಹಾಲಿನ ಗಾಡಿಯಲ್ಲಿ ಐಸ್ ಇದೆ, ತಗೊಂಬಾ" ಎಂದರು. ಐಸನ್ನು ಬಟ್ಟೆಯಲ್ಲಿ ಸುತ್ತಿ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿ ಹಿಡಿದೆವು. ಆಂಬುಲೆನ್ಸ್ ಬರುವುದಕ್ಕೆ ಇಪ್ಪತ್ತು ನಿಮಿಷವಾದರೂ ಆಯಿತು. ಅಷ್ಟು ಹೊತ್ತೂ ನೀರು ಬೀಳುತ್ತಲೇ ಇತ್ತು. ಆಸ್ಪತ್ರೆ ತಲುಪಿದಾಗಲೂ ಮೈ 39 ಡಿಗ್ರಿ ಸೆಲ್ಸಿಯಸ್ ಇತ್ತು. ರಸ್ತೆಯಲ್ಲಿ ಎಷ್ಟಿತ್ತೋ ಅಲ್ಲಾಹನೇ ಬಲ್ಲ.

ಇದನ್ನು ಹೀಟ್ ಸ್ಟ್ರೋಕ್, ಕನ್ನಡದಲ್ಲಿ ಶಾಖಾಘಾತ ಎನ್ನುತ್ತಾರೆ. ದೇಹದ ಒಳಗಿನ ಬಿಸಿ 40 ಡಿಗ್ರಿ ದಾಟಿದಾಗ ಮೊದಲು ಕೆಡುವುದು ಮಿದುಳು. ವಾಲಾಟ, ತೊದಲು, ಅಸಂಬದ್ಧ ಮಾತು, ಕಾರಣವಿಲ್ಲದ ಸಿಟ್ಟು ಇವೆಲ್ಲ ಅದರ ಗುರುತು. ಮೈ ಒಣಗಿರಲೇಬೇಕು ಎನ್ನುವುದು ತಪ್ಪು ತಿಳುವಳಿಕೆ. ಓಡುತ್ತಾ ಬಿದ್ದವರ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಬಿಸಿ ಇಳಿಯುವುದು ತಡವಾದಷ್ಟೂ ಮೂತ್ರಪಿಂಡ, ಯಕೃತ್ತು ಎಲ್ಲವೂ ಪೆಟ್ಟು ತಿನ್ನುತ್ತವೆ. ನಮ್ಮ ಹುಡುಗನಿಗೆ ಎರಡು ದಿನ ಮೂತ್ರ ಡಿಕಾಕ್ಷನ್ ಬಣ್ಣದಲ್ಲಿ ಹೋಯಿತು. ಸ್ನಾಯುಗಳು ಕರಗಿ ರಕ್ತಕ್ಕೆ ಸೇರಿದ್ದರಿಂದ ಹಾಗಾಯಿತು ಎಂದು ವೈದ್ಯರು ವಿವರಿಸಿದರು.

ತಣ್ಣೀರಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಬೇರೂರಿರುವ ಆ ಹೆದರಿಕೆಯೇ ಪ್ರಾಣಕ್ಕೆ ಎರವಾಗಬಲ್ಲದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫಾಲ್ಮತ್ ರೋಡ್ ರೇಸ್ ಎಂಬ ಓಟವಿದೆ. 1973ರಿಂದ ನಡೆಯುತ್ತಿರುವ ಇದು ಬೇಸಿಗೆಯ ಆಗಸ್ಟ್ ತಿಂಗಳಲ್ಲಿ, ಸುಮಾರು 11 ಕಿ.ಮೀ. ದೂರದ್ದು. ಅಲ್ಲಿ ಪ್ರತಿ ವರ್ಷ ಶಾಖಾಘಾತದಿಂದ ಬೀಳುವವರಿರುತ್ತಾರೆ. ಅವರನ್ನು ಐಸು ನೀರು ತುಂಬಿದ ತೊಟ್ಟಿಗಳಲ್ಲಿ ಕುತ್ತಿಗೆಯವರೆಗೆ ಮುಳುಗಿಸುತ್ತಾರೆ. 18 ವರ್ಷಗಳಲ್ಲಿ ಹೀಗೆ ಮುಳುಗಿಸಿದ 274 ಮಂದಿಯ ವಿವರವನ್ನು ವೈದ್ಯರು 2015ರಲ್ಲಿ ಪ್ರಕಟಿಸಿದರು. ಅಷ್ಟೂ ಮಂದಿ ಬದುಕಿದ್ದರು. ಕ್ರೀಡಾ ವೈದ್ಯರು ಈಗ ಎಲ್ಲೆಡೆ ಹೇಳುವ ಮಾತು ಒಂದೇ: ಮೊದಲು ತಂಪು, ಆಮೇಲೆ ಆಸ್ಪತ್ರೆ. 108ಕ್ಕೆ ಕರೆ ಮಾಡಿ. ಅದು ಬರುವವರೆಗೆ ಸುಮ್ಮನೆ ಕಾಯದೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆ ಈ ಬಿಸಿಗೆ ಕೆಲಸ ಮಾಡುವುದಿಲ್ಲ.

ತ್ಯಾವರೆಕೊಪ್ಪಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಗೊತ್ತು, ಬೇಸಿಗೆಯ ಮಧ್ಯಾಹ್ನ ಹೋದರೆ ಸಿಂಹ ನೆರಳಲ್ಲಿ ಕಾಲು ಚಾಚಿ ಬಿದ್ದಿರುತ್ತದೆ, ಹುಲಿ ಸಿಕ್ಕರೆ ನೀರಿನಲ್ಲಿ ಕೂರುತ್ತದೆ. ಟಿಕೆಟಿನ ದುಡ್ಡು ದಂಡ ಎಂದು ಮಕ್ಕಳು ಮುಖ ಸಣ್ಣ ಮಾಡುತ್ತಾರೆ. ಆ ಪ್ರಾಣಿಗಳಿಗೆ ಮೈತುಂಬ ಬೆವರುವ ಶಕ್ತಿಯಿಲ್ಲ, ಏದುಸಿರು ಬಿಟ್ಟೇ ತಣಿಯಬೇಕು. ಅದಕ್ಕೇ ಬಿಸಿಲಲ್ಲಿ ಓಡುವ ಗೋಜಿಗೆ ಹೋಗುವುದಿಲ್ಲ. ಮನುಷ್ಯನಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೆವರಿನ ಗ್ರಂಥಿಗಳಿವೆ, ಮೈಮೇಲೆ ದಟ್ಟ ರೋಮವಿಲ್ಲ. ದೂರದ ಓಟದಲ್ಲಿ ನಾವು ಅನೇಕ ಪ್ರಾಣಿಗಳಿಗಿಂತ ಗಟ್ಟಿಗರು. ಆದರೆ ಬೆವರು ಸುರಿದರೆ ಸಾಲದು, ಆರಬೇಕು. ಓಡುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಶಾಖವಾಗುತ್ತದೆ. ಸಂಜೆ ಮಳೆ ಬಂದು ಮರುದಿನ ಬೆಳಿಗ್ಗೆ ಗಾಳಿಯಾಡದೆ ಧಗೆಯಾಗಿರುವ ದಿನಗಳು ನಮ್ಮಲ್ಲಿ ಮೇ ತಿಂಗಳಲ್ಲಿ ಬಹಳ. ಬಿಸಿಲಿಲ್ಲ ಎಂದು ಅಂದು ಜೋರಾಗಿ ಓಡುವವರೇ ಮೋಸ ಹೋಗುತ್ತಾರೆ. ಬೆವರು ತೊಟ್ಟಿಕ್ಕುತ್ತದೆ, ಮೈ ತಣಿಯುವುದಿಲ್ಲ.

ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ದುಬೈನ ಎಸಿ ಕಚೇರಿಯಿಂದ ರಜೆಗೆ ಬಂದ ಮೂರನೇ ದಿನವೇ ಓಟಕ್ಕೆ ಇಳಿಯುವ ತಮ್ಮಂದಿರಿಗೂ, ಪರೀಕ್ಷೆ ಮುಗಿದೊಡನೆ ಮೈದಾನಕ್ಕೆ ಹಾರುವ ಮಕ್ಕಳಿಗೂ ಇದನ್ನು ಹೇಳಬೇಕು. ಏಪ್ರಿಲ್ ಮಧ್ಯದಲ್ಲಿ ಶಿವಮೊಗ್ಗದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.15ಕ್ಕೆ. ಫಜ್ರ್ ಮುಗಿಸಿ ನೇರ ಹೊರಟರೆ ಮುಕ್ಕಾಲು ಗಂಟೆ ಬಿಸಿಲೇ ಇರುವುದಿಲ್ಲ. ನಮಾಝ್ ಮುಗಿಸಿ ಮತ್ತೆ ಮಲಗಿ ಎಂಟಕ್ಕೆ ಓಡುವವರಿಗೆ ಈ ಲಾಭ ಸಿಗದು. ಇನ್ನು ಮಾತ್ರೆಗಳ ವಿಷಯ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ನನ್ನಂತೆ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಓಡಬೇಕು. ನನ್ನ ಜೇಬಿನಲ್ಲಿ ಯಾವಾಗಲೂ ಬೆಲ್ಲದ ತುಂಡು ಇರುತ್ತದೆ, ಬೆರಳಿಗೆ ಅಂಟಿದರೂ ಸರಿಯೇ.

ನೀರು ಎಷ್ಟು ಕುಡಿಯಬೇಕು? ಹುಡುಗರು ಎರಡು ತುದಿಗೂ ಹೋಗುತ್ತಾರೆ. ಕೆಲವರು ಹೊಟ್ಟೆ ಕುಲುಕುತ್ತದೆಂದು ಮುಟ್ಟುವುದೇ ಇಲ್ಲ. ಕೆಲವರು ಕಂಡ ಕಂಡಲ್ಲಿ ಬಾಟಲಿ ಖಾಲಿ ಮಾಡುತ್ತಾರೆ. ಬೋಸ್ಟನ್ ಮ್ಯಾರಥಾನ್‌ನಲ್ಲಿ 2002ರಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಅವರಲ್ಲಿ ಹೆಚ್ಚಿನವರು ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು. ಅತಿ ನೀರೂ ಪ್ರಾಣ ತೆಗೆಯಬಲ್ಲದು. ಮೇಷ್ಟ್ರು ಕಲಿಸಿದ ಉಪಾಯ ಸುಲಭವಾದದ್ದು: ಓಟಕ್ಕೆ ಮೊದಲು ಒಮ್ಮೆ, ಮುಗಿದು ಮೈ ಒರೆಸಿಕೊಂಡ ಮೇಲೆ ಒಮ್ಮೆ ತೂಕ ನೋಡುವುದು. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಹೋಗಿದೆ ಎಂದರ್ಥ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಯಿತು. ಒಂದು ಗಂಟೆಯೊಳಗಿನ ಓಟಕ್ಕೆ ಬಾಯಾರಿದಾಗ ಬರೀ ನೀರು ಸಾಕು. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆಯನ್ನೋ ಸಬ್ಜಾ ಬೀಜದ ಲಿಂಬೆ ಶರಬತ್ತನ್ನೋ ಕುಡಿಯಿರಿ. ಓಆರ್‌ಎಸ್ ಬೇಕೆಂದರೆ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧರ್ಧ ಮಾಡಬಾರದು. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಕ್ಕೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಉಪವಾಸವಿರುವಾಗ ಏನು ಮಾಡುವುದು ಎಂದು ತಾಯಂದಿರು ಕೇಳುತ್ತಾರೆ. 2021, 2022, 2023ರಲ್ಲಿ ರಮಝಾನ್ ಏಪ್ರಿಲ್ ಬಿಸಿಲಿಗೇ ಬಂದಿತ್ತು. ಈಗ ಹಿಂದೆ ಸರಿದಿದೆ, ಆದರೂ ಶವ್ವಾಲಿನ ಆರು ಉಪವಾಸ ಹಿಡಿದುಕೊಂಡೇ ಓಟದ ತಯಾರಿ ನಡೆಸುವವರಿದ್ದಾರೆ. ನನ್ನ ಅಭಿಪ್ರಾಯ ನೇರ: ಉಪವಾಸದ ದಿನ ಬೇಸಿಗೆಯಲ್ಲಿ ಹಗಲು ಜೋರಾಗಿ ಓಡಬೇಡಿ. ಬೆವರಾಗಿ ಹೋದ ನೀರನ್ನು ಮಗ್ರಿಬ್‌ವರೆಗೆ ತುಂಬಿಕೊಳ್ಳಲು ದಾರಿಯಿಲ್ಲ. ಇಫ್ತಾರಿಗೆ ಅರ್ಧ ಗಂಟೆ ಮೊದಲು ನಡಿಗೆ ಸಾಕು, ಓಡಲೇಬೇಕೆಂದರೆ ಇಶಾ ನಮಾಝ್ ಆದ ಮೇಲೆ ಓಡಬಹುದು. ಶವ್ವಾಲಿನದ್ದು ಐಚ್ಛಿಕ ಉಪವಾಸ, ಓಟದ ದಿನ ಬಿಟ್ಟು ಬೇರೆ ದಿನ ಹಿಡಿಯಲು ಅಡ್ಡಿಯೇನು?

ಹೆಣ್ಣುಮಕ್ಕಳ ಉಡುಪಿನ ಬಗ್ಗೆಯೂ ಒಂದು ಮಾತು. ಬಹರೈನಿನ ರುಖಯ್ಯಾ ಅಲ್ ಗಸರಾ ತಲೆ ಮುಚ್ಚಿಕೊಂಡೇ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 200 ಮೀಟರಿನಲ್ಲಿ ಚಿನ್ನ ಗೆದ್ದವರು. ಸಮಸ್ಯೆ ಮುಚ್ಚಿಕೊಳ್ಳುವುದರಲ್ಲಿ ಅಲ್ಲ, ಬಟ್ಟೆಯಲ್ಲಿದೆ. ದಪ್ಪ ಕಪ್ಪು ಪಾಲಿಯೆಸ್ಟರ್ ಒಳಗಿನ ಶಾಖವನ್ನು ಹಿಡಿದಿಡುತ್ತದೆ. ಹತ್ತಿ ಒಳ್ಳೆಯದೆನ್ನುತ್ತಾರೆ, ಆದರೆ ನೆನೆದ ಹತ್ತಿ ಭಾರವಾಗಿ ಮೈಗೆ ಅಂಟಿ ತೊಡೆ, ಕಂಕುಳು ಉಜ್ಜಿಸುತ್ತದೆ. ತಿಳಿ ಬಣ್ಣದ, ಸಡಿಲವಾದ, ಬೇಗ ಆರುವ ತೆಳು ಕ್ರೀಡಾ ಬಟ್ಟೆ ಉತ್ತಮ. ಸ್ಕಾರ್ಫನ್ನು ನೀರಿನಲ್ಲಿ ಅದ್ದಿ ಹಿಂಡಿ ಕಟ್ಟಿಕೊಂಡರೆ ತಲೆಗೂ ಕತ್ತಿಗೂ ತಂಪು. ಇದು ನನ್ನ ಮಗಳ ಉಪಾಯ.

ಕೊನೆಗೆ ಶುಚಿತ್ವ, ಈ ಪುಟದ ಹಕ್ಕು ಅದು. ವುಝೂ ಮಾಡಿ ಕಾಲ್ಬೆರಳ ಸಂದಿ ಒರೆಸದೆ ಹಾಗೇ ಸಾಕ್ಸ್ ಎಳೆದುಕೊಂಡು ಓಡಿದ ನಮ್ಮ ಗುಂಪಿನ ಮೂವರಿಗೆ ಒಂದೇ ಬೇಸಿಗೆಯಲ್ಲಿ ಬೆರಳ ಸಂದಿ ಬೆಳ್ಳಗಾಗಿ ಬಿರಿಯಿತು. ಅದು ಶಿಲೀಂಧ್ರ, ಅಂದರೆ ಬೂಷ್ಟಿನ ಸೋಂಕು. ಒಂದು ಸಣ್ಣ ಒಣ ಬಟ್ಟೆ ಜೇಬಿನಲ್ಲಿದ್ದರೆ ತಪ್ಪುತ್ತದೆ. ಬೆವರಿನ ಬಟ್ಟೆಯಲ್ಲೇ ಚಹಾ ಅಂಗಡಿಯಲ್ಲಿ ಒಂದು ಗಂಟೆ ಹರಟಿದರೆ ತೊಡೆಸಂದಿಗೆ ಗಜಕರ್ಣ ಬರುತ್ತದೆ. ಆಗ ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಬೆರೆಸಿದ ಮುಲಾಮು ಎರಡು ದಿನ ತುರಿಕೆ ನಿಲ್ಲಿಸಿ, ಆಮೇಲೆ ಸೋಂಕನ್ನು ಇಮ್ಮಡಿ ಮಾಡುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ. ಟವೆಲ್ ಯಾರಿಗೂ ಕೊಡಬೇಡಿ, ಯಾರದ್ದೂ ತೆಗೆದುಕೊಳ್ಳಬೇಡಿ.

ಅಣ್ಣನ ಮಗ ಆಸ್ಪತ್ರೆಯಿಂದ ಐದನೇ ದಿನ ಮನೆಗೆ ಬಂದ. ರಕ್ತ ಪರೀಕ್ಷೆ ಸರಿಯಾಗುವವರೆಗೆ ಓಡಬೇಡ ಎಂದರು, ಎರಡು ತಿಂಗಳು ನಡೆದಾಡಿದ. ಮರುವರ್ಷ ಏಪ್ರಿಲಿನಲ್ಲಿ ಮತ್ತೊಂದು ಓಟಕ್ಕೆ ಹೆಸರು ಕೊಟ್ಟಾಗ ಅತ್ತಿಗೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಅಂದು ನಾವು ನಾಲ್ವರು ದಾರಿಯುದ್ದಕ್ಕೂ ನಿಂತಿದ್ದೆವು, ನನ್ನ ಪಕ್ಕದಲ್ಲಿ ಐಸಿನ ಡಬ್ಬ ಇತ್ತು. ಆರನೇ ಕಿಲೋಮೀಟರಿನಲ್ಲಿ ಅವನು ತಾನಾಗಿ ನಿಂತ. "ಚಾಚಾ, ತಲೆ ಸ್ವಲ್ಪ ಭಾರ ಅನಿಸ್ತಿದೆ, ಇವತ್ತಿಗೆ ಸಾಕು" ಎಂದು ಡಬ್ಬದೊಳಗೆ ಎರಡೂ ಕೈ ಇಳಿಬಿಟ್ಟು ಕುಳಿತ. ಹಿಂದೆ ಬರುತ್ತಿದ್ದವರಿಗೆಲ್ಲ ಅವನೇ ಲೋಟದಲ್ಲಿ ನೀರು ಕೊಟ್ಟ.