ನಿಂತ ಎಂಜಿನ್ನಿನ ರೋಗನಿದಾನ

ಮಾಗಡಿಯಿಂದ ರಾಮನಗರದ ಕಡೆಗೆ ಬೆಟ್ಟಗುಡ್ಡಗಳ ನಡುವೆ ಸಾಗುವ ದಾರಿಯಲ್ಲಿ, ಮಾವಿನ ಸುಗ್ಗಿಯ ಬಿಸಿಲಿನಲ್ಲಿ, ಹದಿನೈದು ಇಪ್ಪತ್ತು ವರ್ಷ ದುಡಿದ ಗಾಡಿಯೊಂದು ಯಾವ ಮುನ್ಸೂಚನೆಯನ್ನೂ ಕೊಡದೆ ಆಫ್ ಆಗಿ, ಚಾಲಕನು ಎಷ್ಟು ಸಲ ಸೆಲ್ಫ್ ಹೊಡೆದರೂ ಉಸಿರೆತ್ತದೆ, ಅರ್ಧ ಗಂಟೆ ನೆರಳಿನಲ್ಲಿ ನಿಂತು ತಣ್ಣಗಾದ ಬಳಿಕ ಏನೂ ಆಗಿಲ್ಲವೆಂಬಂತೆ ಹೊರಟುಬಿಡುವುದುಂಟು. ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಅಲ್ಲಿ ಅದು ಸರಾಗವಾಗಿ ಓಡುತ್ತದೆ. ಮೇಸ್ತ್ರಿಯ ಕಣ್ಣಿಗೆ ದೋಷವೇ ಬೀಳುವುದಿಲ್ಲ. ಮೊದಲು ಡೀಸೆಲ್ ಫಿಲ್ಟರು ಬದಲಾಗುತ್ತದೆ, ಆಮೇಲೆ ಬ್ಯಾಟರಿ ಬದಲಾಗುತ್ತದೆ, ಕಡೆಗೆ ‘ಸೆನ್ಸರ್ ಹೋಗಿದೆ’ ಎಂಬ ಮಾತು ಬರುತ್ತದೆ. ಯಾವ ಸೆನ್ಸರು, ಅದು ಹೋಗಿದೆಯೆಂದು ಗೊತ್ತಾದದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಮಾತ್ರ ಸಮರ್ಪಕವಾದ ಉತ್ತರ ದೊರೆಯುವುದು ಅಪೂರ್ವ. ಹಳೆಯ ಗಾಡಿಯ ಒಡೆಯರಲ್ಲಿ ಬಹುಮಂದಿ ಬಾಡಿಗೆಯನ್ನೇ ನಂಬಿ ಸಂಸಾರ ಸಾಗಿಸತಕ್ಕವರಾದ್ದರಿಂದ, ಊಹೆಯ ಮೇಲೆ ಬದಲಾಯಿಸಿದ ಒಂದೊಂದು ಭಾಗವೂ ಅವರ ಮನೆಯ ಖರ್ಚಿನಿಂದಲೇ ಕಳೆದುಹೋದ ಹಣವಾಗಿದೆ. ಆದುದರಿಂದ ಈ ಸೆನ್ಸರುಗಳು ನಮ್ಮ ಸೀಮೆಗೆ ಹೇಗೆ ಬಂದವು, ಅವುಗಳ ದೋಷವನ್ನು ಹುಡುಕುವ ವಿದ್ಯೆ ಹೇಗೆ ಬೆಳೆಯಿತು, ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದನ್ನು ವಿಚಾರಿಸುವುದು ಉಚಿತವೆಂದು ಭಾವಿಸುತ್ತೇನೆ.

ಈ ಕಥೆಯ ಬಹುಭಾಗ ನಡೆದದ್ದು ನೆರೆಯ ಬಿಡದಿಯಲ್ಲಿ. 1997ರಲ್ಲಿ ಸ್ಥಾಪಿತವಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1999ರ ಡಿಸೆಂಬರಿನಲ್ಲಿ ಅಲ್ಲಿ ಕ್ವಾಲಿಸ್ ವಾಹನದ ತಯಾರಿಕೆಯನ್ನು ಆರಂಭಿಸಿತು. 2000ದ ಜನವರಿಯಲ್ಲಿ ಅದು ಮಾರುಕಟ್ಟೆಗೆ ಬಂತು. 2005ರಲ್ಲಿ ಅದರ ಸ್ಥಾನವನ್ನು ಇನ್ನೋವಾ ಆಕ್ರಮಿಸಿತು. ಮದುವೆಯ ದಿಬ್ಬಣ, ತಿರುಪತಿ ಧರ್ಮಸ್ಥಳಗಳ ಯಾತ್ರೆ, ಬೆಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವ ಅವಸರ, ಇವೆಲ್ಲಕ್ಕೂ ಒದಗಿದ ಈ ಎರಡು ಗಾಡಿಗಳ ನಡುವೆ ಐದೇ ವರ್ಷಗಳ ಅಂತರವಿದ್ದರೂ, ಎಂಜಿನ್ನಿನ ಒಳಗೆ ನೋಡುವವನಿಗೆ ಆ ಐದು ವರ್ಷಗಳಲ್ಲಿ ಒಂದು ಯುಗವೇ ಕಳೆದಂತೆ ತೋರುತ್ತದೆ.

ಕ್ವಾಲಿಸಿನ 2,446 ಸಿಸಿ ಡೀಸೆಲ್ ಎಂಜಿನ್ನಿಗೆ ಇಂಧನವನ್ನು ಅಳೆದು ಕೊಡುತ್ತಿದ್ದುದು ಸಂಪೂರ್ಣವಾಗಿ ಯಾಂತ್ರಿಕವಾದ ಪಂಪು. ಅದು ನಡೆಯುವುದಕ್ಕೆ ವಿದ್ಯುತ್ತಿನಿಂದ ಬೇಕಾಗಿದ್ದುದು ಒಂದೇ ಒಂದು ಉಪಕಾರ: ಪಂಪಿನ ತಲೆಯ ಮೇಲಿರುವ ಡೀಸೆಲ್ ತಡೆಯುವ ಸೊಲೆನಾಯ್ಡಿಗೆ ಕೀಲಿಯಿಂದ ಬರತಕ್ಕ 12 ವೋಲ್ಟು. ಆ ತಂತಿ ಸಡಿಲವಾದರೆ ಎಂಜಿನ್ನು ನಿಲ್ಲುತ್ತಿತ್ತು. ಫಿಲ್ಟರು ಕಟ್ಟಿಕೊಂಡರೆ ಅಥವಾ ಪೈಪಿನ ಜಾಯಿಂಟಿನಲ್ಲಿ ಏರ್ ಹಿಡಿದರೆ ನಿಲ್ಲುತ್ತಿತ್ತು. ಇವಿಷ್ಟನ್ನು ಬಿಟ್ಟರೆ ಹೆಚ್ಚಿನ ಕಾರಣಗಳಿರಲಿಲ್ಲ. ಒಂದು ಟೆಸ್ಟ್ ಲ್ಯಾಂಪು, ಏರ್ ತೆಗೆಯಲು ಒಂದು ಸ್ಪ್ಯಾನರು, ಪಂಪಿನ ಸದ್ದನ್ನು ಬಲ್ಲ ಕಿವಿ, ಇವಿಷ್ಟರಿಂದಲೇ ಮೇಸ್ತ್ರಿಯು ರಸ್ತೆಯ ಬದಿಯಲ್ಲಿಯೇ ನಿರ್ಣಯಕ್ಕೆ ಬರುತ್ತಿದ್ದನು. ಆ ನಿರ್ಣಯದಲ್ಲಿ ಇದ್ದ ಖಚಿತತೆಯನ್ನು ನಾನು ಬಹಳ ಗೌರವಿಸುತ್ತೇನೆ. ಕಣ್ಣಿಗೆ ಕಾಣುವುದನ್ನು ಕೈಯಿಂದ ಪರೀಕ್ಷಿಸಿ ಆಮೇಲೆ ಮಾತನಾಡುವ ಕ್ರಮ ಅದಾಗಿತ್ತು.

ಇಂಥ ಪಂಪುಗಳ ವಿದ್ಯೆ ನಮ್ಮ ಕಡೆಗೆ ಬಂದದ್ದು ಮೈಕೊ ಮೂಲಕ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ, ಲಾರಿ, ಬಸ್ಸು, ಟ್ರ್ಯಾಕ್ಟರುಗಳಿದ್ದ ಪ್ರತಿ ಊರಿಗೂ ತನ್ನ ಹೆಸರನ್ನು ಒಯ್ದಿತು. 2008ರಲ್ಲಿ ಆ ಸಂಸ್ಥೆ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆಯಿತು. 2015ರಲ್ಲಿ ಬಿಡದಿಯಲ್ಲಿ ಅದರ ಹೊಸ ಕಾರ್ಖಾನೆ ತೆರೆಯಿತು. ಹೀಗೆ ವಾಹನವನ್ನು ಕಟ್ಟತಕ್ಕವರೂ ಅದರ ಇಂಧನದ ಅವಯವಗಳನ್ನು ರೂಪಿಸತಕ್ಕವರೂ ಮಾಗಡಿಗೆ ನೆರೆಹೊರೆಯವರೇ ಆಗಿದ್ದಾರೆ.

ಇನ್ನೋವಾದ 2,494 ಸಿಸಿ ಡೀಸೆಲ್ ಎಂಜಿನ್ನಿನಲ್ಲಿ ಈ ವ್ಯವಸ್ಥೆ ತಲೆಕೆಳಗಾಯಿತು. ಅಲ್ಲಿ ಪಂಪಿನ ಕೆಲಸ ಒತ್ತಡವನ್ನು ಹುಟ್ಟಿಸುವುದಷ್ಟೆ. ‘ಬಾರ್’ ಎಂಬ ಅಳತೆಯಲ್ಲಿ ಸಾವಿರವನ್ನೂ ಮೀರಬಲ್ಲ ಒತ್ತಡದಲ್ಲಿ ಡೀಸೆಲ್ಲು ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ‘ಕಾಮನ್ ರೈಲ್’ ಎಂಬ ಒಂದು ಕೊಳವೆಯಲ್ಲಿ ಸಿದ್ಧವಾಗಿ ನಿಂತಿರುತ್ತದೆ. ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಎಂಬುದನ್ನು ನಿರ್ಧರಿಸುವುದು ಇಸಿಎಂ ಎಂಬ ಪೆಟ್ಟಿಗೆ. ಕಣ್ಣಿಲ್ಲದ ಆ ಪೆಟ್ಟಿಗೆಗೆ ಕ್ರ್ಯಾಂಕಿನ ಸ್ಥಾನ, ಕ್ಯಾಮಿನ ಸ್ಥಾನ, ಕೊಳವೆಯ ಒತ್ತಡ, ನೀರಿನ ಉಷ್ಣತೆ, ಒಳಗೆ ಬರುವ ಗಾಳಿ, ಚಾಲಕನ ಕಾಲು ಒತ್ತಿದ ಪ್ರಮಾಣ, ಇವನ್ನೆಲ್ಲ ಸೆನ್ಸರುಗಳೇ ತಿಳಿಸಬೇಕು. ಇವುಗಳಲ್ಲಿ ಕೆಲವು ಸುಳ್ಳು ಹೇಳಿದರೆ ಎಂಜಿನ್ನು ಕುಂಟುತ್ತದೆ. ಕ್ರ್ಯಾಂಕಿನ ಸೆನ್ಸರು ಮೌನವಾದರೆ ಅದೇ ಕ್ಷಣದಲ್ಲಿ ನಿಂತುಹೋಗುತ್ತದೆ.

ಇಷ್ಟೊಂದು ತೊಡಕನ್ನು ಏಕೆ ತಂದರೆಂದು ಹಳೆಯ ಮೇಸ್ತ್ರಿಗಳು ಕೇಳುವುದು ಸಹಜ. ಇದರ ಬೇರು ಅಮೆರಿಕದ ಲಾಸ್ ಏಂಜಲಿಸಿನ ಕಲುಷಿತ ಗಾಳಿಯಲ್ಲಿದೆ. ಅಲ್ಲಿ ಕಣ್ಣುರಿಸುತ್ತಿದ್ದ ಮಂಜಿನಂಥ ಹೊಗೆಯು ವಾಹನಗಳ ಉಸಿರಿನಿಂದಲೂ ಸೂರ್ಯನ ಬೆಳಕಿನಿಂದಲೂ ಹುಟ್ಟತಕ್ಕದ್ದೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು 1950ರ ದಶಕದ ಆರಂಭದಲ್ಲಿ ತೋರಿಸಿದ ಮೇಲೆ, ಆ ಹೊಗೆಯನ್ನು ತಗ್ಗಿಸಲು ಗಾಳಿಗೂ ಪೆಟ್ರೋಲಿಗೂ ಇರಬೇಕಾದ 14.7ಕ್ಕೆ 1ರ ತೂಕದ ಪ್ರಮಾಣವನ್ನು ಸದಾ ಕಾಯ್ದುಕೊಳ್ಳುವುದು ಕಾರ್ಬೊರೇಟರಿನಿಂದ ಆಗದ ಮಾತೆಂಬುದು ಕ್ರಮೇಣ ಸ್ಪಷ್ಟವಾಯಿತು. 1967ರಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಂತು. 1976ರಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅರಿಯುವ ಸೆನ್ಸರು ವೋಲ್ವೊ ಕಾರಿನಲ್ಲಿ ಬಂತು. 1997ರಲ್ಲಿ ಕಾಮನ್ ರೈಲ್ ಡೀಸೆಲ್ ವ್ಯವಸ್ಥೆ ಆಲ್ಫಾ ರೋಮಿಯೊ ಕಾರಿನಲ್ಲಿ ಬಂತು. ಹೀಗೆ ಅವಯವಗಳು ಹೆಚ್ಚುತ್ತ ಬಂದ ಕಾಲದಲ್ಲಿಯೇ, ಅವುಗಳಲ್ಲಿ ಯಾವುದು ಕೆಟ್ಟಿತೆಂಬುದನ್ನು ಯಂತ್ರವೇ ಹೇಳಬೇಕೆಂದು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ವಿಧಿಸಿತು. 1996ರಿಂದ ಅಮೆರಿಕದ ಎಲ್ಲ ಕಾರುಗಳಿಗೂ 16 ಪಿನ್ನಿನ ಒಂದೇ ಬಗೆಯ ಸಾಕೆಟ್ಟೂ ಒಂದೇ ಬಗೆಯ ಸಂಕೇತಗಳೂ ಕಡ್ಡಾಯವಾದವು. ನಮ್ಮಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4ರ ನಿಯಮವು 2010ರ ಏಪ್ರಿಲ್ 1ರಂದು ಬೆಂಗಳೂರೂ ಸೇರಿ 13 ನಗರಗಳಿಗೆ ಅನ್ವಯವಾಗಿ, ಇಡೀ ದೇಶಕ್ಕೆ ವಿಸ್ತರಿಸಿದ್ದು 2017ರಲ್ಲಿ.

ಒಂದೇ ಬಗೆಯ ಸಂಕೇತಗಳ ಪದ್ಧತಿ ಬರುವುದಕ್ಕೂ ಮುಂಚೆ ಟೊಯೊಟಾದ ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಒಂದು ಸರಳೋಪಾಯವಿತ್ತು. ಪರೀಕ್ಷಾ ಪೆಟ್ಟಿಗೆಯ ಎರಡು ಪಿನ್ನುಗಳಿಗೆ ಒಂದು ತುಂಡು ತಂತಿಯನ್ನು ಸೇರಿಸಿ ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪವು ಮಿನುಗಿ ಸಂಖ್ಯೆಯನ್ನು ಹೇಳುತ್ತಿತ್ತು: ಎರಡು ಸಲ ಮಿನುಗಿ, ತಡೆದು, ಮತ್ತೆ ಎರಡು ಸಲ ಮಿನುಗಿದರೆ 22, ಅಂದರೆ ನೀರಿನ ಉಷ್ಣತೆಯ ಸೆನ್ಸರಿನ ಸರ್ಕ್ಯೂಟು. ಇಂದು ಅಗ್ಗದ ಒಂದು ಸಲಕರಣೆಯನ್ನು ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನ ಪರದೆಯ ಮೇಲೆಯೇ ‘ಪಿ 0335’ ಎಂಬಂಥ ಸಂಕೇತ ಮೂಡುತ್ತದೆ. ವಿದ್ಯೆ ಅರ್ಧಕ್ಕೆ ನಿಂತಿರುವುದು ಇಲ್ಲಿಯೇ. ಪಿ 0335 ಎಂಬುದರ ಅರ್ಥ ಕ್ರ್ಯಾಂಕ್ ಸೆನ್ಸರು ಕೆಟ್ಟಿದೆಯೆಂದಲ್ಲ. ಆ ಸೆನ್ಸರಿನ ಸರ್ಕ್ಯೂಟಿನಿಂದ ಬರಬೇಕಾದ ಸುದ್ದಿ ಬರಲಿಲ್ಲವೆಂದಷ್ಟೆ. ಸೆನ್ಸರು, ಅದರ ಕಪ್ಲರು, ತಂತಿ, ಅರ್ಥಿಂಗು, ಹಲ್ಲಿನ ಚಕ್ರ, ಕಡೆಗೆ ಇಸಿಎಂ, ಇಷ್ಟೂ ಆ ಸರ್ಕ್ಯೂಟಿನೊಳಗೆ ಸೇರುತ್ತವೆ. ಸಂಕೇತವು ಠಾಣೆಯಲ್ಲಿ ದಾಖಲಾದ ದೂರಿನಂಥದು. ವಿಚಾರಣೆ ನಡೆಯುವುದು ಅದರ ಮೇಲೆ. ದೂರನ್ನೇ ತೀರ್ಪೆಂದು ತಿಳಿದು ಭಾಗವನ್ನು ಬದಲಾಯಿಸುವುದು ಇಂದಿನ ಗ್ಯಾರೇಜುಗಳ ದೊಡ್ಡ ಅನ್ಯಾಯವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ವಿಚಾರಣೆಯ ಕ್ರಮ ಹೇಗಿರಬೇಕೆಂಬುದಕ್ಕೆ ಆ ಕ್ರ್ಯಾಂಕ್ ಸೆನ್ಸರನ್ನೇ ತೆಗೆದುಕೊಳ್ಳೋಣ. ಟೊಯೊಟಾದ ಅನೇಕ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಚಕ್ರದ ಅಂಚಿನಲ್ಲಿ 10 ಡಿಗ್ರಿಗೊಂದರಂತೆ 34 ಹಲ್ಲುಗಳಿದ್ದು ಎರಡು ಹಲ್ಲುಗಳ ಜಾಗ ಖಾಲಿಯಾಗಿರುತ್ತದೆ; ಆ ಖಾಲಿ ಜಾಗವು ಎದುರಿಗೆ ಬಂದಾಗ ಇಸಿಎಮ್ಮಿಗೆ ಸುತ್ತಿನ ಆರಂಭ ಗೊತ್ತಾಗುತ್ತದೆ. ಎರಡು ತಂತಿಯ ಸೆನ್ಸರಿನಲ್ಲಿ ಒಂದು ಅಯಸ್ಕಾಂತವೂ ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಹಲ್ಲು ಹಾದುಹೋದಂತೆಲ್ಲ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೂರು ತಂತಿಯದಾದರೆ ಅದು 1879ರಲ್ಲಿ ಎಡ್ವಿನ್ ಹಾಲ್ ಎಂಬುವರು ಕಂಡುಹಿಡಿದ ತತ್ತ್ವದ ಮೇಲೆ ನಡೆಯತಕ್ಕದ್ದು. ಅದಕ್ಕೆ ಹೊರಗಿನಿಂದ ವೋಲ್ಟೇಜು ಕೊಡಲೇಬೇಕು. ವರ್ಷಾನುಗಟ್ಟಲೆ ಎಂಜಿನ್ನಿನ ಕಾವಿನಲ್ಲಿ ಬೆಂದ ಸುರುಳಿಯೊಳಗೆ ಎಲ್ಲೋ ಒಂದು ಬಿರುಕು ಬಿದ್ದಿದ್ದರೆ, ತಣ್ಣಗಿರುವಾಗ ತುದಿಗಳು ಕೂಡಿಕೊಂಡಿದ್ದು, ಬಿಸಿಯೇರಿ ಹಿಗ್ಗಿದಾಗ ಬೇರ್ಪಡುತ್ತವೆ. ಅರ್ಧ ಗಂಟೆ ನೆರಳಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವುದರ ರಹಸ್ಯ ಬಹಳ ಸಲ ಇದೇ. ಗ್ಯಾರೇಜಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ.

ಇದನ್ನು ಸಾಬೀತುಪಡಿಸುವುದು ಕಷ್ಟವಲ್ಲ. ಟೊಯೊಟಾದ ಹಲವು ಎಂಜಿನ್ನುಗಳ ಕೈಪಿಡಿಗಳಲ್ಲಿ ಈ ಸುರುಳಿಯ ತಡೆಯು ತಣ್ಣಗಿರುವಾಗ 1,630ರಿಂದ 2,740 ಓಮ್, ಬಿಸಿಯಾಗಿರುವಾಗ 2,065ರಿಂದ 3,225 ಓಮ್ ಇರಬೇಕೆಂದು ಕೊಟ್ಟಿದ್ದಾರೆ. ಮಲ್ಟಿಮೀಟರನ್ನು ಹಚ್ಚಿ, ಸೆನ್ಸರಿಗೆ ಬಿಸಿಗಾಳಿ ಹಾಯಿಸುತ್ತ, ಮುಳ್ಳು ಹಠಾತ್ತನೆ ಅನಂತಕ್ಕೆ ಹಾರುವುದೇ ಎಂದು ನೋಡಿದರೆ ಸಾಕು. ಚಾಲಕನೂ ಇದರಲ್ಲಿ ನೆರವಾಗಬಲ್ಲನು. ಆರ್‌ಪಿಎಂ ಮುಳ್ಳು ಬಹುತೇಕ ಗಾಡಿಗಳಲ್ಲಿ ಈ ಸೆನ್ಸರಿನ ಸುದ್ದಿಯಿಂದಲೇ ನಡೆಯುವುದರಿಂದ, ಗಾಡಿ ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದರೆ, ಅಥವಾ ಸೆಲ್ಫ್ ಹೊಡೆಯುವಾಗ ಅದು ಒಂದಿಷ್ಟೂ ಅಲುಗದಿದ್ದರೆ, ಅನುಮಾನ ಕ್ರ್ಯಾಂಕ್ ಸೆನ್ಸರಿನ ಕಡೆಗೆ. ಎಂಜಿನ್ನಿನ ಜೊತೆಗೇ ಮೆಲ್ಲಗೆ ಇಳಿದರೆ ಡೀಸೆಲ್ಲಿನ ಕಡೆಗೆ. ಒಂದು ಕಾಸೂ ಖರ್ಚಿಲ್ಲದ ಈ ಗಮನವು ಎಷ್ಟೋ ದುಡ್ಡನ್ನು ಉಳಿಸಬಲ್ಲುದು. ಎಂಜಿನ್ನು ನಿಂತೊಡನೆ ಸ್ಟಿಯರಿಂಗು ಭಾರವಾಗುವುದನ್ನೂ, ಬ್ರೇಕಿನ ಸಹಾಯಬಲವು ಕೆಲವು ತುಳಿತಗಳಿಗೆ ಮಾತ್ರ ಉಳಿಯುವುದನ್ನೂ ಮರೆಯದೆ, ಮೊದಲು ಗಾಡಿಯನ್ನು ಬದಿಗೆ ತರಬೇಕಾದ್ದು ಇದಕ್ಕೂ ಮುಖ್ಯ.

ನೀರಿನ ಉಷ್ಣತೆಯ ಸೆನ್ಸರು ಬೇರೊಂದು ಬಗೆಯ ಪಾಠ ಹೇಳುತ್ತದೆ. ಬಿಸಿಯೇರಿದಷ್ಟೂ ಅದರ ತಡೆ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಎರಡು ಎರಡೂವರೆ ಸಾವಿರ ಓಮಿನಷ್ಟಿದ್ದುದು 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸಿಗೆ ಇಳಿಯುತ್ತದೆ. ತಂತಿಯೇ ಕಡಿದುಹೋದರೆ ತಡೆ ಅಪಾರವಾಗಿ, ಅತಿಶೀತವೆಂದು ಗ್ರಹಿಸಿದ ಇಸಿಎಮ್ಮಿನ ಲೆಕ್ಕವು ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿಯೆಂದು ಕಾಣಿಸುತ್ತದೆ. ಏಪ್ರಿಲ್ ತಿಂಗಳ ಮಾಗಡಿಯಲ್ಲಿ ಮೈನಸ್ 40 ಎಂಬುದನ್ನು ಕಂಡ ಕೂಡಲೆ, ಸೆನ್ಸರನ್ನು ಕೊಳ್ಳುವ ಮುಂಚೆ ತಂತಿಯನ್ನು ಹಿಡಿದು ಹುಡುಕುತ್ತ ಹೋಗಬೇಕು.

ತಂತಿ ಕಡಿಯುವವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ರಾಗಿ ಮೆದೆಯ ಪಕ್ಕದಲ್ಲಿಯೋ ಕೊಟ್ಟಿಗೆಯ ಮಗ್ಗುಲಲ್ಲಿಯೋ ರಾತ್ರಿ ನಿಂತ ಗಾಡಿಯ ಬೆಚ್ಚನೆಯ ಬಾನೆಟ್ಟಿನೊಳಗೆ ಇಲಿಗಳು ಸೇರಿ ವೈರಿಂಗಿನ ಹೊದಿಕೆಯನ್ನು ಕಡಿಯುತ್ತವೆ. ಎಂಜಿನ್ನಿಗೆ ನೀರು ಹೊಡೆದು ತೊಳೆಯುವ ಅಭ್ಯಾಸದಿಂದ ಕಪ್ಲರುಗಳೊಳಗೆ ಹಸಿರು ಕಿಲುಬು ಹಿಡಿಯುತ್ತದೆ. ಗಾಡಿಯ ಮೈಗೆ ಕೂಡಿದ ಅರ್ಥಿಂಗಿನ ಬೋಲ್ಟು ತುಕ್ಕು ಹಿಡಿದು, ಒಂದೇ ಸಲಕ್ಕೆ ಹಲವು ಸೆನ್ಸರುಗಳು ಕೆಟ್ಟಂತೆ ತೋರಿಸುತ್ತದೆ. ಒಟ್ಟಿಗೆ ಮೂರು ನಾಲ್ಕು ಸಂಕೇತಗಳು ಬಂದರೆ ಮೂರು ನಾಲ್ಕು ಸೆನ್ಸರುಗಳನ್ನು ಕೊಳ್ಳುವುದಲ್ಲ, ಅವೆಲ್ಲಕ್ಕೂ ಸಾಮಾನ್ಯವಾದ ಅರ್ಥಿಂಗನ್ನೂ ಫ್ಯೂಸನ್ನೂ ನೋಡುವುದು ವಿವೇಕ.

ಇನ್ನು ಸೆನ್ಸರುಗಳಾವುವೂ ತಪ್ಪು ಮಾಡಿರದೆ ಅಪವಾದ ಹೊರುವ ಸಂದರ್ಭಗಳೂ ಇವೆ. ಹಳೆಯ ಇನ್ನೋವಾಗಳಲ್ಲಿ ಪಂಪಿಗೆ ಎಷ್ಟು ಡೀಸೆಲ್ಲು ಒಳಹೋಗಬೇಕೆಂಬುದನ್ನು ನಿಯಂತ್ರಿಸುವ ಎಸ್‌ಸಿವಿ ಎಂಬ ವಾಲ್ವು ಕೊಳೆಯಿಂದ ಅಂಟಿಕೊಂಡರೆ ಐಡಲಿನಲ್ಲಿ ಎಂಜಿನ್ನು ಏರಿಳಿಯುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಆಫ್ ಆಗುತ್ತದೆ. ಒತ್ತಡದ ಸಂಕೇತ ಬಂದಿತೆಂದು ಒತ್ತಡದ ಸೆನ್ಸರನ್ನು ಬದಲಿಸಿದರೆ ಫಲವಿಲ್ಲ. ಸೆನ್ಸರು ನಿಜವನ್ನೇ ಹೇಳಿದೆ. ಕ್ಯಾನಿನಲ್ಲಿ ತುಂಬಿಟ್ಟ ನೀರು ಬೆರೆತ ಡೀಸೆಲ್ಲು, ಕಾಲಕ್ಕೆ ಬದಲಾಗದ ಫಿಲ್ಟರು, ಇವೇ ಆ ದೋಷದ ಮೂಲ.

ಹಳೆಯ ಗಾಡಿಯ ಒಡೆಯರಲ್ಲಿ ನನ್ನ ವಿನಂತಿ ಇಷ್ಟು: ಸಂಕೇತವನ್ನು ಬರೆದಿಟ್ಟುಕೊಳ್ಳುವ ಮೊದಲು ಬ್ಯಾಟರಿಯ ತಂತಿ ಬಿಚ್ಚಲು ಬಿಡಬೇಡಿ, ಏಕೆಂದರೆ ಅನೇಕ ಗಾಡಿಗಳಲ್ಲಿ ಆ ದಾಖಲೆ ಅದರೊಂದಿಗೇ ಅಳಿದುಹೋಗುತ್ತದೆ; ಗಾಡಿ ನಿಂತಾಗ ಎಂಜಿನ್ನು ಬಿಸಿಯಾಗಿತ್ತೇ, ಏರುದಾರಿಯೇ, ಮುಳ್ಳು ಹೇಗೆ ಬಿತ್ತು ಎಂಬುದನ್ನು ಮೇಸ್ತ್ರಿಗೆ ವಿವರವಾಗಿ ಹೇಳಿ; ಹೊಸ ಸೆನ್ಸರು ಹಾಕುವ ಮುನ್ನ ಹಳೆಯದನ್ನು ಮೀಟರಿನಿಂದ ಅಳೆದು ತೋರಿಸುವಂತೆ ಕೇಳಿ. ಬಿಡದಿಯ ಕಾರ್ಖಾನೆಗಳಲ್ಲಿಯೂ ಒಂದು ಕೋರಿಕೆಯಿದೆ. ಗ್ರಾಮೀಣ ಬಡಮಕ್ಕಳಿಗೆ ವೃತ್ತಿವಿದ್ಯೆ ಕಲಿಸಲು 2007ರಲ್ಲಿಯೇ ಟೊಯೊಟಾ ಅಲ್ಲಿ ಶಾಲೆಯೊಂದನ್ನು ತೆರೆದಿದೆ. ಅದೇ ಔದಾರ್ಯದಿಂದ, ತಯಾರಿಕೆ ನಿಂತುಹೋದ ತಮ್ಮ ಹಳೆಯ ಮಾದರಿಗಳ ಸಂಕೇತಗಳನ್ನೂ, ಪ್ರತಿ ಸೆನ್ಸರಿನ ಓಮು ವೋಲ್ಟುಗಳ ಪಟ್ಟಿಯನ್ನೂ, ವೈರಿಂಗಿನ ನಕ್ಷೆಯನ್ನೂ ಕನ್ನಡದಲ್ಲಿ ಮುದ್ರಿಸಿ, ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರಗಳ ಗ್ಯಾರೇಜುಗಳಿಗೆ ದೊರೆಯುವಂತೆ ಮಾಡಬೇಕು.