ಕಪ್ಪು ದೂಳು ಕಾಣುತ್ತೆ, ಥಿನ್ನರ್ ಆವಿ ಕಾಣಲ್ಲ!

ವಾಸ್ಕೊ: ಮುರಗಾಂವ ಬಂದರಿನ ಕಲ್ಲಿದ್ದಲ ದೂಳಿನ ಬಗ್ಗೆ ಇಲ್ಲಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಸಾಕು, ಕಪ್ಪು ಹತ್ತುತ್ತದೆ. ಆದರೆ ಬೆರಳಿಗೆ ಹತ್ತದ, ಕಣ್ಣಿಗೂ ಕಾಣದ ಇನ್ನೊಂದು ಮಾಲಿನ್ಯವಿದೆ. ಪೆಟ್ರೋಲ್ ಬಂಕ್, ಗ್ಯಾರೇಜು, ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಮೂಗಿಗೆ ಘಮ್ಮೆಂದು ಬಡಿಯುತ್ತದಲ್ಲ, ಅದೇ ಇದು.

ಬಾಷ್ಪಶೀಲ ಸಾವಯವ ಸಂಯುಕ್ತಗಳು ಎಂಬುದು ಇವುಗಳ ಶಾಸ್ತ್ರೀಯ ಹೆಸರು; ಚುಟುಕಾಗಿ ವಿಒಸಿ. ಬೆಂಜೀನ್, ಟಾಲ್ವಿನ್, ಕ್ಸೈಲೀನ್ ಎಲ್ಲ ಇದೇ ಗುಂಪಿನವು. ಡಬ್ಬಿ ಮುಚ್ಚಳ ತೆಗೆದರೆ ಸಾಕು, ಕಾಯಿಸದೆಯೇ ಆವಿಯಾಗಿ ಗಾಳಿ ಸೇರುತ್ತವೆ. ವಾಹನದ ಹೊಗೆಯ ಜತೆ ಬಿಸಿಲಿಗೆ ಸಿಕ್ಕರೆ ಓಝೋನ್ ಆಗಿ ಇಡೀ ಊರಿನ ಎದೆ ಕೆರೆಯುತ್ತವೆ.

ಗೋವಾದಲ್ಲಿ ಇದು ಕನ್ನಡಿಗರ ಮನೆಯ ಮಾತು ಏಕೆ? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಬಂದು ಜುವಾರಿನಗರ, ಬೈನಾ, ಮಡಗಾಂವಗಳಲ್ಲಿ ನೆಲೆಸಿದವರಲ್ಲಿ ಬಣ್ಣದ ಕೆಲಸ, ಫರ್ನಿಚರ್ ಪಾಲಿಶ್, ಗ್ಯಾರೇಜು ನಂಬಿದವರು ಬಹಳ. ಚೌತಿಗೆ ಮುಂಚೆ ಮನೆ ಮನೆಗೂ ಬಣ್ಣ. ಆಗ ಹೊರಗೆ ಮಳೆ, ಕಿಟಕಿ ಬಂದ್. ಒಳಗೆ ಆಯಿಲ್ ಪೇಂಟ್, ಥಿನ್ನರ್. ‘ವಾಸನಿ ರೂಢಿ ಆಗೇತ್ರಿ, ಏನೂ ಆಗಂಗಿಲ್ಲ’ ಎನ್ನುವುದು ಕೆಲಸದವರ ಸಾಮಾನ್ಯ ಮಾತು. ರೂಢಿಯಾಗುವುದು ಮೂಗಿಗೆ ಮಾತ್ರ. ಕೆಲವೇ ನಿಮಿಷಗಳಲ್ಲಿ ಅದು ವಾಸನೆ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಆವಿ ಮಾತ್ರ ಪುಪ್ಪುಸಕ್ಕೆ ಇಳಿಯುತ್ತಲೇ ಇರುತ್ತದೆ.

ಏನಾಗುತ್ತದೆ?: ಮೊದಲು ತಲೆನೋವು, ತಲೆಸುತ್ತು, ಕಣ್ಣುರಿ, ಗಂಟಲು ಕೆರೆತ. ಸಂಜೆ ಮನೆಗೆ ಬಂದಾಗ ಊಟ ಬೇಡವೆನಿಸುವುದೂ ಉಂಟು. ಇದನ್ನೆಲ್ಲ ‘ಬಿಸಿಲಿಗೆ ಹಿಂಗಾತು’ ಎಂದು ತಳ್ಳಿಹಾಕುವವರೇ ಹೆಚ್ಚು. ವರ್ಷಗಟ್ಟಲೆ ಬೆಂಜೀನ್ ಕುಡಿದ ದೇಹದಲ್ಲಿ ಅಸ್ಥಿಮಜ್ಜೆ ಸೊರಗಿ ರಕ್ತ ಕಡಿಮೆಯಾಗುತ್ತದೆ, ರಕ್ತಕ್ಯಾನ್ಸರ್‌ಗೂ ದಾರಿಯಾಗಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಜೀನನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಗೋವಾ ಈ ಆವಿಗಳ ದೊಡ್ಡ ರೂಪವನ್ನೂ ಕಂಡಿದೆ. 2019ರ ಅಕ್ಟೋಬರ್‌ನಲ್ಲಿ ನಾಫ್ತಾ ತುಂಬಿದ್ದ ‘ನು ಶಿ ನಳಿನಿ’ ಹಡಗು ಜನರಿಲ್ಲದೆ ತೇಲಿ ಬಂದು ದೋನಾಪಾವ್ಲಾ ಬಳಿ ಬಂಡೆಗೆ ಸಿಕ್ಕಿತ್ತು. 2023ರ ಜನವರಿ 10ರಂದು ಪಿಳೇರ್ಣ ಕೈಗಾರಿಕಾ ವಸಾಹತಿನ ಬರ್ಜರ್ ಬೆಕರ್ ಬಣ್ಣದ ಕಾರ್ಖಾನೆ ಹೊತ್ತಿ ಉರಿದಾಗ ಕರಿ ಹೊಗೆ ಊರ ಮೇಲೆ ಕವಿದಿತ್ತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಇರುವುದೂ ಅದೇ ವಸಾಹತಿನ ಪಕ್ಕದ ಸಾಳಗಾಂವದಲ್ಲಿ! ಬೆಂಕಿ ಬಿದ್ದರೆ ಸುದ್ದಿಯಾಗುತ್ತದೆ. ಡಬ್ಬಿಯಿಂದ ದಿನವೂ ಹೊರಡುವ ಆವಿ ಸುದ್ದಿಯಾಗುವುದಿಲ್ಲ.

ಅಳತೆಯ ಲೆಕ್ಕ: 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ, ಬೆಂಜೀನ್ ಅದರಲ್ಲೊಂದು. ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಂ ಮೀರಬಾರದು. ಆದರೆ ಜನರಿಗೆ ತಿಳಿಯಲೆಂದು 2014ರಲ್ಲಿ ರೂಪಿಸಿದ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಸೇರಿದ್ದು ಎಂಟು ಮಾತ್ರ. ಬೆಂಜೀನ್‌ಗೆ ಅಲ್ಲಿ ಜಾಗವಿಲ್ಲ. ಸೂಚ್ಯಂಕ ‘ಉತ್ತಮ’ ಎಂದ ದಿನವೂ ಗ್ಯಾರೇಜಿನ ಗಾಳಿ ಉತ್ತಮವಾಗಿರಬೇಕೆಂದೇನಿಲ್ಲ. ಮೂಗನ್ನು ನಂಬುವಂತೆಯೂ ಇಲ್ಲ. ಬೆಂಜೀನ್‌ನ ವಾಸನೆ ತಿಳಿಯುವ ಹೊತ್ತಿಗೆ ಅದು ಈ ಮಿತಿಯ ನೂರಾರು ಪಟ್ಟು ದಾಟಿರುತ್ತದೆ.

ಮುಖಕ್ಕೆ ಕಟ್ಟುವ ಕರವಸ್ತ್ರ ದೂಳನ್ನು ಒಂದಿಷ್ಟು ತಡೆದೀತು, ಆವಿಯನ್ನಲ್ಲ. ಕೊರೊನಾ ಕಾಲದ ಎನ್-95 ಮಾಸ್ಕಿನದೂ ಇದೇ ಕಥೆ. ಇದಕ್ಕೆ ಇದ್ದಿಲ ಡಬ್ಬಿ ಇರುವ ಮಾಸ್ಕ್ ಬೇಕು. ಮೇಸ್ತ್ರಿಯನ್ನು ಕೇಳಿ ಪಡೆಯುವುದು ಕೂಲಿಕಾರನ ಹಕ್ಕು. ಅದಕ್ಕಿಂತ ಅಗ್ಗದ ದಾರಿ ಎಂದರೆ ಎರಡು ಕಿಟಕಿ ತೆರೆದು ಗಾಳಿ ಹಾಯಿಸುವುದು, ಒಳಗೋಡೆಗೆ ಆದಷ್ಟೂ ನೀರಿನಲ್ಲಿ ಕಲಸುವ ಬಣ್ಣವನ್ನೇ ಬಳಸುವುದು.

ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮಂಚದ ಕೆಳಗೆ ಥಿನ್ನರ್ ಡಬ್ಬಿ ಇಡುವ ಅಭ್ಯಾಸ ಅನೇಕರಿಗಿದೆ. ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಅಲ್ಲೇ ಚಾಪೆ ಹಾಸಿ ಮಕ್ಕಳು ಮಲಗುತ್ತವೆ. ಕೈಗೆ ಹತ್ತಿದ ಬಣ್ಣವನ್ನು ಪೆಟ್ರೋಲಿನಿಂದ ತೊಳೆಯುವುದೂ ಬೇಡ, ಚರ್ಮದ ಮೂಲಕವೂ ಅದು ಒಳಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಸೋಪಿನಿಂದ ತಿಕ್ಕಿದರೆ ಬಹುಪಾಲು ಬಿಡುತ್ತದೆ.

ತಲೆಸುತ್ತು, ಸುಸ್ತು ಬಿಡದಿದ್ದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೋ ಹತ್ತಿರದ ಸರಕಾರಿ ದವಾಖಾನೆಗೋ ಹೋದಾಗ ಬರೀ ‘ತಲಿನೋವು’ ಎನ್ನದೆ, ಎಷ್ಟು ವರ್ಷದಿಂದ ಯಾವ ಕೆಲಸ ಮಾಡುತ್ತಿದ್ದೀರಿ ಎಂಬುದನ್ನೂ ಡಾಕ್ಟರಿಗೆ ಹೇಳಬೇಕು. ಮೊದಲ ಸುಳಿವು ಸಾದಾ ರಕ್ತಪರೀಕ್ಷೆಯಲ್ಲೇ ಸಿಗಬಹುದು.